ಮುಖ ಪಳಗಿಸಿದ ಗೆರೆ: ಭಾವಚಿತ್ರದಿಂದ ಅಮೂರ್ತದವರೆಗೆ ಕೆ.ಕೆ. ಹೆಬ್ಬಾರರ ಹಾದಿ

ಇಪ್ಪತ್ತನೆಯ ಶತಮಾನದ ಭಾರತೀಯ ಚಿತ್ರಕಲೆಯಲ್ಲಿ ಕನ್ನಡ ನಾಡಿನ ಹೆಸರನ್ನು ಗಟ್ಟಿಯಾಗಿ ನಿಲ್ಲಿಸಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ (1911–1996) ಬಗ್ಗೆ ಮಾತನಾಡುವವರು ಮೊದಲು ಹೊಗಳುವುದು ಅವರ ಗೆರೆಯ ಬಳುಕನ್ನು. ಆ ಗೆರೆ ಹುಟ್ಟಿನಿಂದಲೇ ಬಂದ ವರವೆಂಬಂತೆ ಹೇಳುವುದೂ ರೂಢಿಯಲ್ಲಿದೆ. ಆದರೆ ಹೆಬ್ಬಾರರ ಕೈ ಪಳಗಿದ್ದು ಎದುರಿಗೆ ಕುಳಿತವರ ಹಣೆ, ಕಣ್ಣು, ಮೂಗು, ಗಲ್ಲಗಳನ್ನು ಇದ್ದದ್ದು ಇದ್ದ ಹಾಗೆ ತೆಗೆಯಬೇಕೆಂದು ಪಟ್ಟು ಹಿಡಿದು ಕಲಿಸುತ್ತಿದ್ದ ಮುಂಬಯಿಯ ಕಲಾಶಾಲೆಯಲ್ಲಿ. ಅಲ್ಲಿಂದ ಹೊರಟ ಅವರು ವರ್ಷಗಳು ಕಳೆದಂತೆ ಮುಖವೂ ಇಲ್ಲದ, ಗುರುತಿಸಬಹುದಾದ ವಸ್ತುವೂ ಇಲ್ಲದ, ಬಣ್ಣ ಮತ್ತು ಬೆಳಕಿನ ಚಲನೆ ಮಾತ್ರ ಉಳಿಯುವ ಚಿತ್ರಗಳವರೆಗೆ ನಡೆದರು. ಭಾವಚಿತ್ರ, ಎಂದರೆ ಒಬ್ಬ ವ್ಯಕ್ತಿಯನ್ನು ಇಂಥವರೇ ಎಂದು ಗುರುತಿಸುವಂತೆ ಬರೆದ ಚಿತ್ರ, ಮತ್ತು ಅಮೂರ್ತ ಚಿತ್ರ, ಎಂದರೆ ಕಣ್ಣಿಗೆ ಕಾಣುವ ರೂಪವನ್ನು ಬಿಟ್ಟು ರೇಖೆ, ಬಣ್ಣ, ಮೈವಳಿಕೆಗಳಿಂದಲೇ ಅನುಭವವನ್ನು ಕಟ್ಟುವ ಚಿತ್ರ, ಇವೆರಡೂ ಒಂದಕ್ಕೊಂದು ಎದುರಾಳಿಗಳೆಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಹೆಬ್ಬಾರರ ಬದುಕಿನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಒಂದನ್ನು ಚೆನ್ನಾಗಿ ಕಲಿತದ್ದರಿಂದಲೇ ಇನ್ನೊಂದು ಅವರ ಕೈಗೆ ಹತ್ತಿತು ಎಂಬುದು ಸ್ಪಷ್ಟವಾಗುತ್ತದೆ.

ಮಂಡ್ಯ ಸೀಮೆಯ ಮೂರು ಸಾಕ್ಷಿಗಳು

ಅಮೂರ್ತ ಕಲೆ ಯುರೋಪಿನಿಂದ ಬಂದ ಪರಕೀಯ ವಸ್ತುವೆಂದೂ, ಹೋಲಿಕೆಯ ಚಿತ್ರವೇ ನಮ್ಮ ಪರಂಪರೆಯೆಂದೂ ಅನೇಕರು ತಿಳಿದಿದ್ದಾರೆ. ಚರಿತ್ರೆ ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ, ಮತ್ತು ಅದನ್ನು ಕಾಣಲು ಕೆರಗೋಡು, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣಗಳ ಸೀಮೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ.

ಮೊದಲ ಸಾಕ್ಷಿ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ವೀರಗಲ್ಲು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 949–50ರ ಈ ಶಾಸನಶಿಲೆ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನನ್ನೂ, ಅವನ ಸೇವಕ ಮಣಲೇರನನ್ನೂ ಹೆಸರಿಸುತ್ತದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ಇವರಿಬ್ಬರನ್ನೂ ಅಲ್ಲ, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯ ಮೈಯೂ ನಾಯಿಯ ಮೈಯೂ ಒಂದಕ್ಕೊಂದು ಎದುರಾಗಿ ಹೆಣೆದುಕೊಂಡಿರುವ ಈ ಉಬ್ಬುಶಿಲ್ಪದಲ್ಲಿ ಆ ನಿರ್ದಿಷ್ಟ ನಾಯಿಯ ಹೋಲಿಕೆಯನ್ನು ಹಿಡಿಯುವ ಯತ್ನವಿಲ್ಲ. ಉಳಿದ ವೀರಗಲ್ಲುಗಳಲ್ಲಿಯೂ ಸತ್ತವನ ಮುಖಲಕ್ಷಣಕ್ಕೆ ಶಿಲ್ಪಿ ಮಹತ್ವ ಕೊಡುವುದಿಲ್ಲ. ಆತ ಹೇಗೆ ನಿಂತ, ಹೇಗೆ ಬಾಣ ಸೆಳೆದ, ಹೇಗೆ ಸ್ವರ್ಗಕ್ಕೆ ಏರಿದ ಎಂಬುದನ್ನು ಭಂಗಿಯಿಂದ ಹೇಳುತ್ತಾನೆ. ವ್ಯಕ್ತಿಯ ನೆನಪನ್ನು ಉಳಿಸುವ ಹೊಣೆಯನ್ನು ಇಲ್ಲಿ ಅಕ್ಷರ ಮತ್ತು ಭಂಗಿ ಹೊತ್ತಿವೆ. ಹೋಲಿಕೆಗೆ ಆ ಹೊಣೆ ಬಿದ್ದಿಲ್ಲ.

ಎರಡನೆಯ ಸಾಕ್ಷಿ ಮಂಡ್ಯ, ತುಮಕೂರು ಸೀಮೆಗಳ ಗ್ರಾಮದೇವತೆಯ ಹಬ್ಬಗಳಲ್ಲಿ ಇಂದಿಗೂ ಜೀವಂತವಾಗಿರುವ ಸೋಮನ ಕುಣಿತ. ದೇವಿಯ ಅಂಗರಕ್ಷಕರೆಂದು ಭಾವಿಸುವ ಸೋಮರ ಮುಖವಾಡಗಳನ್ನು ಮರದಲ್ಲಿ ಕೆತ್ತಿ, ಗಾಢ ಬಣ್ಣ ತುಂಬಿ, ಅಗಲವಾದ ಕಣ್ಣು, ಹುರಿಮೀಸೆ, ಎದ್ದು ಕಾಣುವ ಹಲ್ಲುಗಳಿಂದ ಅಲಂಕರಿಸುತ್ತಾರೆ. ಅಲ್ಲಿ ಕಣ್ಣು ಕಣ್ಣಿನ ಹಾಗಿರಬೇಕೆಂಬ ಕಟ್ಟುಪಾಡಿಲ್ಲ. ದೂರದಿಂದ ನೋಡಿದವರ ಎದೆಯಲ್ಲಿ ಭಯಭಕ್ತಿ ಹುಟ್ಟುವಷ್ಟು ಅದು ದೊಡ್ಡದಾಗಿರಬೇಕು. ರೂಪವನ್ನು ಹಿಗ್ಗಿಸಿ, ಅನಗತ್ಯವಾದುದನ್ನು ಬಿಟ್ಟು, ಬಣ್ಣಕ್ಕೆ ಅರ್ಥದ ಭಾರವನ್ನು ಹೊರಿಸುವ ಈ ಕ್ರಮವನ್ನೇ ಆಧುನಿಕ ಕಲಾವಿದರು ಆಮೇಲೆ ತಮ್ಮ ದಾರಿಯಲ್ಲಿ ಕಂಡುಕೊಂಡರು.

ಮೂರನೆಯ ಸಾಕ್ಷಿ ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ದಂಡೆಯಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಗಳು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದ್ದರೆ, ಪೂರ್ವದ ಗೋಡೆಯ ಮೇಲೆ ಅಂದಿನ ರಾಜರ, ನವಾಬರ, ಪಾಳೆಯಗಾರರ ಚಿತ್ರಗಳು ಚೌಕಟ್ಟು ಚೌಕಟ್ಟಾಗಿ ಹರಡಿವೆ. ಹೈದರಾಲಿಯನ್ನು ಮೀಸೆ ಬೋಳಿಸಿದ ಮುಖದಿಂದಲೂ ಟಿಪ್ಪುವನ್ನು ಮೀಸೆಯಿಂದಲೂ ಗುರುತಿಸಬಹುದು. ಸೋತ ಬ್ರಿಟಿಷ್ ಸೇನಾನಿ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಹೀಗೆ ಮುಖ್ಯ ವ್ಯಕ್ತಿಗಳಿಗೆ ಒಂದೊಂದು ಗುರುತನ್ನು ಇಟ್ಟ ಚಿತ್ರಗಾರನು ಸೈನ್ಯವನ್ನು ಬರೆಯುವಾಗ ಬೇರೆಯೇ ದಾರಿ ಹಿಡಿದಿದ್ದಾನೆ. ಸಾಲುಸಾಲು ಕುದುರೆಗಳು, ಒಂದರ ಹಿಂದೊಂದು ಎದ್ದ ಮುಂಗಾಲುಗಳು, ಪಾರ್ಶ್ವದಿಂದ ಕಾಣುವ ಒಂದೇ ಬಗೆಯ ಮುಖಗಳು, ಓರೆಯಾಗಿ ಹಿಡಿದ ಈಟಿಗಳು ಗೋಡೆಯ ತುಂಬ ಮರುಕಳಿಸುತ್ತವೆ. ಸ್ವಲ್ಪ ದೂರ ನಿಂತು ನೋಡಿದಾಗ ಸೈನಿಕರು ಒಬ್ಬೊಬ್ಬರಾಗಿ ಕಾಣುವುದು ನಿಂತು, ಗೋಡೆಯ ಮೇಲೆ ಓಡುವ ಗೆರೆಗಳ ವೇಗವೇ ಕಣ್ಣಿಗೆ ಹತ್ತುತ್ತದೆ. ಭಾವಚಿತ್ರವೂ ಅಮೂರ್ತ ವಿನ್ಯಾಸವೂ ಒಂದೇ ಗೋಡೆಯ ಮೇಲೆ ಜಗಳವಿಲ್ಲದೆ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಈ ಸೀಮೆಯವರಿಗೆ ಸಿಗಲಾರದು.

ಹೋಲಿಕೆಯ ಶಾಲೆ

ಎದುರಿಗೆ ಕುಳಿತವರನ್ನು ಕನ್ನಡಿಯಲ್ಲಿ ಕಂಡಷ್ಟು ನಿಖರವಾಗಿ ಬರೆಯುವ ಪದ್ಧತಿ ಮೈಸೂರು ಸೀಮೆಯಲ್ಲಿ ಬಲವಾಗಿ ಬೇರೂರಿದ್ದು 1799ರ ನಂತರ, ಶ್ರೀರಂಗಪಟ್ಟಣ ಬಿದ್ದ ಮೇಲೆ. ಬ್ರಿಟಿಷರೊಡನೆ ಬಂದ ಥಾಮಸ್ ಹಿಕ್ಕಿಯಂಥ ಐರಿಷ್ ಚಿತ್ರಕಾರರು ದಿವಾನ್ ಪೂರ್ಣಯ್ಯನವರ ಭಾವಚಿತ್ರವನ್ನು ತೈಲವರ್ಣದಲ್ಲಿ ಬರೆದರು. ಎಣ್ಣೆಯಲ್ಲಿ ಕಲಸಿದ ಬಣ್ಣ ನಿಧಾನವಾಗಿ ಒಣಗುವುದರಿಂದ ಚಿತ್ರಕಾರನಿಗೆ ಒಂದು ಛಾಯೆಯನ್ನು ಇನ್ನೊಂದರೊಳಗೆ ಬೆರೆಸಲು, ಗಲ್ಲದ ದುಂಡು ಬೆಳಕಿನಿಂದ ನೆರಳಿಗೆ ಜಾರುವುದನ್ನು ಅಂಚು ಕಾಣದಂತೆ ತೋರಿಸಲು ಸಮಯ ಸಿಗುತ್ತದೆ. ಈ ಗುಣದಿಂದಲೇ ತೈಲವರ್ಣ ಭಾವಚಿತ್ರದ ಮುಖ್ಯ ಮಾಧ್ಯಮವಾಯಿತು. ಇದೇ ಕಾಲದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಾರರು, ಹುಣಿಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ತೆಗೆದು, ತೆಳುವಾಗಿ ಉಬ್ಬಿಸಿದ ಲೇಪದ ಮೇಲೆ ಚಿನ್ನದ ರೇಕು ಅಂಟಿಸಿ, ದೇವದೇವತೆಗಳನ್ನೂ ರಾಜರನ್ನೂ ಬರೆಯುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲಿರುವ ಸಂತಾನಾಂಬುಜವೆಂಬ ಚಿತ್ರ ಒಡೆಯರ ವಂಶವನ್ನು ಕಮಲದ ದಳಗಳಲ್ಲಿ ಜೋಡಿಸಿ ತೋರಿಸುತ್ತದೆ. ಅಲ್ಲಿ ಪ್ರತಿಯೊಬ್ಬ ರಾಜನೂ ವ್ಯಕ್ತಿಯಾಗಿಯೂ ಕಾಣುತ್ತಾನೆ, ದೊಡ್ಡದೊಂದು ವಿನ್ಯಾಸದ ದಳವಾಗಿಯೂ ಕಾಣುತ್ತಾನೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ರಾಜಾ ರವಿವರ್ಮನ ತೈಲಚಿತ್ರಗಳು ಮತ್ತು ಅವುಗಳ ಮುದ್ರಿತ ಪ್ರತಿಗಳು ಮನೆಮನೆಯನ್ನು ಹೊಕ್ಕಮೇಲೆ, ಚಿತ್ರವೆಂದರೆ ಹೋಲಿಕೆ ಎಂಬ ಎಣಿಕೆ ಜನಸಾಮಾನ್ಯರಲ್ಲಿ ಗಟ್ಟಿಯಾಯಿತು. ಈ ಎಣಿಕೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ತಿಳಿಯಲು ಅದೇ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೋಡಬೇಕು. ಮೈಸೂರಿಗೆ ಹೋದವರೆಲ್ಲ ನೋಡಿ ಬರುವ, ಹಲವರು ರವಿವರ್ಮನದೆಂದೇ ತಪ್ಪಾಗಿ ತಿಳಿದಿರುವ ಈ ಚಿತ್ರವನ್ನು ಬರೆದವರು ಸಾವಳಾರಾಮ ಹಳದನಕರ, ಕಾಲ 1945–46, ಮಾಧ್ಯಮ ತೈಲವಲ್ಲ, ಜಲವರ್ಣ, ಮಾದರಿಯಾಗಿ ನಿಂತವರು ಅವರ ಮಗಳು. ಅಡ್ಡಲಾಗಿ ಹಿಡಿದ ಅಂಗೈಯ ಬೆರಳುಗಳ ಸಂದಿನಿಂದ ಕೆಂಪಾಗಿ ಹೊಮ್ಮುವ ಬೆಳಕು ಸೀರೆಯ ಮೇಲೂ ಮುಖದ ಮೇಲೂ ಬಿದ್ದಿರುವ ರೀತಿಯನ್ನು ನೋಡಿದವರು ಅದು ಕಾಗದದ ಮೇಲಿನ ಬಣ್ಣವೆಂಬುದನ್ನೇ ಮರೆಯುತ್ತಾರೆ. ಹೋಲಿಕೆಯ ಶಾಲೆ ತಲುಪಬಹುದಾದ ಎತ್ತರ ಅದು, ಮತ್ತು ಹಳದನಕರರು ಮುಂಬಯಿಯ ಯಾವ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತಿದ್ದರೋ ಅದೇ ಶಾಲೆಯಲ್ಲಿ ಹೆಬ್ಬಾರರೂ ಕಲಿತರು, ಕಲಿಸಿದರು.

ಹೆಬ್ಬಾರರ ಕಲಿಕೆ ಮತ್ತು ಅತೃಪ್ತಿ

ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರ ಮನೆಯಲ್ಲಿ ತಂದೆ ಚೌತಿಯ ಗಣಪತಿಯ ಮೂರ್ತಿಗಳನ್ನು ಮಾಡುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಯಕ್ಷಗಾನದ ಮುಖವರ್ಣಿಕೆ, ಭೂತಕೋಲದ ಅಣಿಯೆಂಬ ಬೆನ್ನಲಂಕಾರ ಮತ್ತು ಬಣ್ಣ, ಕೋಳಿ ಅಂಕವೆಂಬ ಕೋಳಿ ಕಾಳಗದ ಗದ್ದಲ ಎಲ್ಲವೂ ಇದ್ದವು. ಮೈಸೂರಿನಲ್ಲಿ ಸ್ವಲ್ಪ ಕಾಲ ಕಲಿತು ಮುಂಬಯಿಗೆ ಹೋದ ಅವರು, ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದ ಮೂಲಕ ಸಾಗಿ, ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿಯೇ ಅಧ್ಯಾಪಕರಾಗಿದ್ದರು.

ಆ ಶಾಲೆಯ ಕ್ರಮ ಕಠಿಣವಾಗಿತ್ತು. ವಿದ್ಯಾರ್ಥಿ ಮೊದಲು ಪ್ಲಾಸ್ಟರಿನ ಪ್ರತಿಮೆಗಳನ್ನು ನೋಡಿ ರೇಖಿಸಬೇಕು, ಆಮೇಲೆ ಜೀವಂತ ಮಾದರಿಯನ್ನು ನೋಡಿ ಬರೆಯಬೇಕು. ಮುಖವನ್ನು ನೇರವಾಗಿಯೂ ಅಲ್ಲದೆ ಪೂರ್ಣ ಪಕ್ಕದಿಂದಲೂ ಅಲ್ಲದೆ ಮುಕ್ಕಾಲು ಭಾಗ ಕಾಣುವಂತೆ ತಿರುಗಿಸಿ ಕೂರಿಸಿ, ಒಂದೇ ಕಡೆಯಿಂದ ಬೆಳಕು ಬಿಟ್ಟು, ನೆರಳಿನ ದೊಡ್ಡ ರಾಶಿಗಳನ್ನು ಮೊದಲು ಹಾಕಿ, ನಡುಛಾಯೆಗಳನ್ನು ಆಮೇಲೆ ಕೂಡಿಸಿ, ಮೂಗಿನ ತುದಿ ಮತ್ತು ಕಣ್ಣಪಾಪೆಯ ಮೇಲಿನ ಹೊಳಪನ್ನು ಕೊನೆಗೆ ಇಡುವುದು ಭಾವಚಿತ್ರದ ಶಾಸ್ತ್ರೀಯ ವಿಧಾನ. ಈ ಅಭ್ಯಾಸ ಕೈಗೆ ಕೊಡುವುದು ನಕಲು ಮಾಡುವ ಚಾತುರ್ಯವನ್ನಷ್ಟೇ ಎಂದುಕೊಂಡರೆ ತಪ್ಪಾಗುತ್ತದೆ. ಒಂದು ಮುಖದಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ, ಯಾವ ಒಂದು ಗೆರೆ ತಪ್ಪಿದರೆ ಇಡೀ ಮನುಷ್ಯನೇ ಬೇರೆಯಾಗುತ್ತಾನೆ ಎಂಬ ವಿವೇಕವನ್ನು ಅದು ಕಣ್ಣಿಗೆ ಕಲಿಸುತ್ತದೆ. ತೆಗೆದುಹಾಕುವುದೇ ಕೆಲಸವಾಗಿರುವ ಅಮೂರ್ತ ಕಲಾವಿದನಿಗೆ ಅತ್ಯಂತ ಬೇಕಾದದ್ದು ಈ ವಿವೇಕವೇ.

ಹೆಬ್ಬಾರರಿಗೆ ಈ ಕಲಿಕೆಯ ಬಗ್ಗೆ ತಿರಸ್ಕಾರವಿರಲಿಲ್ಲ, ಅತೃಪ್ತಿಯಿತ್ತು. ಇಂಗ್ಲೆಂಡಿನ ಶಾಲೆಗಳ ಪಾಠದಲ್ಲಿ ತಮ್ಮೂರಿನ ಬಿಸಿಲು, ಮೈಬಣ್ಣ, ಹಬ್ಬದ ಗದ್ದಲ ಸಿಕ್ಕುತ್ತಿಲ್ಲವೆಂಬ ಕೊರತೆಯನ್ನು ತುಂಬಿಕೊಳ್ಳಲು ಅವರು ಅಜಂತದ ಭಿತ್ತಿಚಿತ್ರಗಳನ್ನು, ಜೈನ ಹಸ್ತಪ್ರತಿಗಳ ಚಿತ್ರಗಳನ್ನು, ರಜಪೂತ ಮತ್ತು ಮೊಘಲ್ ಕಿರುಚಿತ್ರಗಳನ್ನು ಅಭ್ಯಾಸ ಮಾಡಿದರು. 1937ರಲ್ಲಿ ದಕ್ಷಿಣ ಭಾರತದ ವಸ್ತುಗಳನ್ನು ಆಯ್ದು ಮೂರು ಪ್ರಸಿದ್ಧ ಚಿತ್ರಗಳನ್ನು ಬರೆದ ಅಮೃತಾ ಶೇರ್‌ಗಿಲ್ (1913–1941), ಮತ್ತು ಬಣ್ಣವನ್ನು ಚಪ್ಪಟೆಯಾದ ದೊಡ್ಡ ಹರವುಗಳಲ್ಲಿ ಹಚ್ಚುತ್ತಿದ್ದ ಫ್ರೆಂಚ್ ಚಿತ್ರಕಾರ ಪಾಲ್ ಗೋಗ್ಯಾನ್, ಇವರಿಬ್ಬರ ಕೆಲಸ ಹೆಬ್ಬಾರರ ಮೇಲೆ ಆಳವಾದ ಪ್ರಭಾವ ಬೀರಿತು. 1940ರ ದಶಕದಲ್ಲಿ ಕೇರಳದ ಜನಜೀವನವನ್ನು ಕುರಿತು ಅವರು ಬರೆದ ಚಿತ್ರಗಳಲ್ಲಿ ಈ ಬದಲಾವಣೆ ನಿಚ್ಚಳವಾಗಿ ಕಾಣುತ್ತದೆ: ನೆರಳುಬೆಳಕಿನ ಸೂಕ್ಷ್ಮ ಜಾರುವಿಕೆ ಕಡಿಮೆಯಾಗಿ, ಮುಖಗಳು ಕಿರುಚಿತ್ರಗಳಲ್ಲಿರುವಂತೆ ಸರಳವಾಗಿ, ದೇಹದ ಹೊರರೇಖೆ ಬಲವಾಗಿ, ಮಣ್ಣುಕೆಂಪು ಮತ್ತು ಹಸಿರುಗಳ ಹರವುಗಳು ಚಿತ್ರದ ಭಾರವನ್ನು ಹೊತ್ತುಕೊಂಡವು. ಜೆ.ಜೆ. ಶಾಲೆಯ ಇನ್ನೊಬ್ಬ ವಿದ್ಯಾರ್ಥಿ ದೀಪದ ಬೆಳಕನ್ನು ಹೋಲಿಕೆಯ ತುತ್ತತುದಿಗೆ ಒಯ್ದ ದಶಕದಲ್ಲಿಯೇ ಹೆಬ್ಬಾರರು ಆ ತುದಿಯಿಂದ ಬೇರೆ ಕಡೆಗೆ ತಿರುಗಿದ್ದರು ಎಂಬುದು ಗಮನಿಸಬೇಕಾದ ಸಂಗತಿ. ಇಬ್ಬರ ಕೆಲಸವೂ ಒಂದೇ ಬುನಾದಿಯ ಮೇಲೆ ನಿಂತದ್ದು.

ಅಮೂರ್ತವೆಂದರೆ ಏನು

1949–50ರಲ್ಲಿ ಹೆಬ್ಬಾರರು ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಧ್ಯಯನ ಮಾಡಿದರು. ಆ ವೇಳೆಗೆ ಪ್ಯಾರಿಸಿನಲ್ಲಿ ಅಮೂರ್ತ ಕಲೆಗೆ ನಾಲ್ಕು ದಶಕಗಳ ಇತಿಹಾಸವಿತ್ತು, ಮತ್ತು ಆ ಇತಿಹಾಸದ ಮೊದಲ ಪುಟಗಳಲ್ಲಿಯೇ ಭಾವಚಿತ್ರವೊಂದು ಇದೆಯೆಂಬುದನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. ಪ್ಯಾಬ್ಲೊ ಪಿಕಾಸೊ ತನ್ನ ಚಿತ್ರಗಳನ್ನು ಮಾರುತ್ತಿದ್ದ ವರ್ತಕ ಡೇನಿಯಲ್ ಹೆನ್ರಿ ಕಾನ್‌ವೈಲರ್‌ನ ಭಾವಚಿತ್ರವನ್ನು 1910ರಲ್ಲಿ ಬರೆದ. ಈಗ ಶಿಕಾಗೊದ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಮೊದಲ ನೋಟಕ್ಕೆ ಕಾಣುವುದು ಬೂದು ಮತ್ತು ಕಂದು ಬಣ್ಣದ ಒಡೆದ ತುಣುಕುಗಳು ಮಾತ್ರ. ಕಣ್ಣು ನಿಧಾನವಾಗಿ ಒಗ್ಗಿದ ಮೇಲೆ ಒಂದು ಕಡೆ ಬಾಚಿದ ಕೂದಲಿನ ಅಲೆ, ನಡುವೆ ಗಡಿಯಾರದ ಸರಪಳಿ, ಕೆಳಗೆ ಒಂದರ ಮೇಲೊಂದು ಇಟ್ಟ ಕೈಗಳು ಗೋಚರಿಸುತ್ತವೆ. ಅಷ್ಟರಿಂದಲೇ ಕೋಟು ತೊಟ್ಟು ನೆಟ್ಟಗೆ ಕುಳಿತ ಒಬ್ಬ ಮನುಷ್ಯ ಎದುರಿಗೆ ಬರುತ್ತಾನೆ. ಕ್ಯೂಬಿಸಂ ಎಂದು ಹೆಸರಾದ ಈ ಪದ್ಧತಿಯಲ್ಲಿ ಚಿತ್ರಕಾರನು ವಸ್ತುವನ್ನು ಒಂದೇ ಜಾಗದಿಂದ ನೋಡದೆ ಹಲವು ಕಡೆಗಳಿಂದ ನೋಡಿ, ಆ ನೋಟಗಳನ್ನು ಒಂದೇ ಹಲಗೆಯ ಮೇಲೆ ಜೋಡಿಸುತ್ತಾನೆ. ಎದುರಿಗೆ ಒಬ್ಬ ವ್ಯಕ್ತಿ ಕುಳಿತಿದ್ದರಿಂದ, ಅವನ ಕೂದಲು, ಸರಪಳಿ, ಕೈಗಳು ಗುರುತಿಗೆ ಒದಗಿದ್ದರಿಂದ, ಎಷ್ಟನ್ನು ಒಡೆದರೂ ಮನುಷ್ಯ ಉಳಿಯುತ್ತಾನೆ ಎಂಬುದನ್ನು ಪರೀಕ್ಷಿಸಲು ಸಾಧ್ಯವಾಯಿತು.

ಇದರಿಂದ ಅಮೂರ್ತ ಕಲೆಯಲ್ಲಿ ಎರಡು ಮಟ್ಟಗಳಿವೆಯೆಂಬುದು ತಿಳಿಯುತ್ತದೆ. ಮೊದಲನೆಯದು ನಿಜವಾದ ವಸ್ತುವಿನಿಂದ ಹೊರಟು, ಅದರ ವಿವರಗಳನ್ನು ಕಳೆದು, ಸಾರವನ್ನು ಉಳಿಸಿಕೊಳ್ಳುವುದು. ಎರಡನೆಯದು ವಸ್ತುವಿನ ಹಂಗನ್ನೇ ಬಿಟ್ಟು, ಸಂಗೀತದಲ್ಲಿ ಆಲಾಪನೆ ಸಾಹಿತ್ಯವಿಲ್ಲದೆಯೂ ಭಾವವನ್ನು ಕಟ್ಟುವ ಹಾಗೆ, ಬಣ್ಣ ಮತ್ತು ರೇಖೆಗಳಿಂದಲೇ ಚಿತ್ರವನ್ನು ನಿಲ್ಲಿಸುವುದು. ಹೆಬ್ಬಾರರು ಬಹುಕಾಲ ಕೆಲಸ ಮಾಡಿದ್ದು ಮೊದಲನೆಯ ಮಟ್ಟದಲ್ಲಿ. ಎರಡನೆಯದನ್ನು ಅವರು ಮುಟ್ಟಿದ್ದು ಆ ಹಾದಿಯಲ್ಲಿಯೇ ಮುಂದೆ ಸಾಗಿ.

ಹಾಡುವ ಗೆರೆ, ದಪ್ಪ ಬಣ್ಣ

ಪ್ಯಾರಿಸಿನಿಂದ ಮರಳಿದ ಮೇಲೆ ಹೆಬ್ಬಾರರ ಕೆಲಸ ಎರಡು ಕವಲುಗಳಲ್ಲಿ ಹರಿಯಿತು. ಒಂದು ಕವಲು ರೇಖಾಚಿತ್ರಗಳದು. ಚಲಿಸುವ ದೇಹವನ್ನು ಒಳಗಿನಿಂದ ತಿಳಿಯಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು. ಗೆಜ್ಜೆ ಕಟ್ಟಿ ಕಲಿತ ಲಯ ಬೆರಳಿಗೆ ಇಳಿದಾಗ ಹುಟ್ಟಿದ ನರ್ತಕರ, ವಾದಕರ, ಹಳ್ಳಿಗರ ರೇಖಾಚಿತ್ರಗಳು ಮುಂದೆ ಹಾಡುವ ಗೆರೆಯೆಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಪುಸ್ತಕವಾಗಿಯೂ ಬಂದವು. ಈ ಚಿತ್ರಗಳಲ್ಲಿ ನೆರಳಿಲ್ಲ, ಛಾಯೆಯಿಲ್ಲ, ಹಿನ್ನೆಲೆಯಿಲ್ಲ. ಭುಜದಿಂದ ಹೊರಟ ಗೆರೆ ಬೆನ್ನಿನ ಬಾಗನ್ನು ಹಿಡಿದು, ಸೊಂಟದಲ್ಲಿ ತಿರುಗಿ, ಮಡಿಸಿದ ಮಂಡಿಯನ್ನು ದಾಟಿ, ಪಾದದಲ್ಲಿ ನಿಲ್ಲುವವರೆಗೆ ಬಹುಮಟ್ಟಿಗೆ ತಡೆಯಿಲ್ಲದೆ ಸಾಗುತ್ತದೆ. ಮುಖಕ್ಕೆ ಒಂದೆರಡು ಗೆರೆಗಳು ಸಾಕಾಗುತ್ತವೆ. ಆದರೂ ಮೃದಂಗ ನುಡಿಸುವವರ ಏಕಾಗ್ರತೆ, ಕುಣಿಯುವವರ ಉಲ್ಲಾಸ, ಕಾಯುತ್ತ ಕುಳಿತವರ ದಣಿವು ನೋಡುವವರಿಗೆ ತಪ್ಪದೆ ತಲುಪುತ್ತವೆ. ಹೋಲಿಕೆಯನ್ನು ಬಿಟ್ಟ ಮೇಲೂ ವ್ಯಕ್ತಿ ಉಳಿಯುವುದು ಹೀಗೆ. ವೀರಗಲ್ಲಿನ ಶಿಲ್ಪಿ ಭಂಗಿಗೆ ಒಪ್ಪಿಸಿದ್ದ ಹೊಣೆಯನ್ನೇ ಹೆಬ್ಬಾರರು ಗೆರೆಗೆ ಒಪ್ಪಿಸಿದರು. ಆದರೆ ಜೀವಂತ ಮುಖಗಳನ್ನು ವರ್ಷಗಟ್ಟಲೆ ನೋಡಿ ಬರೆದ ಕಣ್ಣು ಅವರ ಗೆರೆಯ ಹಿಂದೆ ಇದ್ದುದರಿಂದ ಅದು ಎಲ್ಲಿ ತಿರುಗಬೇಕೋ ಅಲ್ಲಿಯೇ ತಿರುಗಿತು.

ಇನ್ನೊಂದು ಕವಲು ತೈಲವರ್ಣದ ದೊಡ್ಡ ಚಿತ್ರಗಳದು. ಬಣ್ಣವನ್ನು ಎಣ್ಣೆಯಲ್ಲಿ ತೆಳುವಾಗಿಸದೆ ದಪ್ಪವಾಗಿಯೇ ಕ್ಯಾನ್ವಾಸಿನ ಮೇಲೆ ಮೆತ್ತಿ, ಅದರ ಮೈಯಲ್ಲಿಯೇ ಏರುತಗ್ಗುಗಳನ್ನು ಮೂಡಿಸುವ ವಿಧಾನವನ್ನು ಅವರು ಬೆಳೆಸಿಕೊಂಡರು. ಹೀಗೆ ಮೆತ್ತಿದ ಬಣ್ಣದ ಮೇಲೆ ಬೀಳುವ ಕೋಣೆಯ ಬೆಳಕು ಏಣುಗಳಲ್ಲಿ ಹೊಳೆದು ಕುಳಿಗಳಲ್ಲಿ ಅಡಗುವುದರಿಂದ, ಚಿತ್ರದೊಳಗೆ ಬರೆದ ಬೆಳಕಿಗೆ ಹೊರಗಿನ ಬೆಳಕೂ ಸೇರಿಕೊಳ್ಳುತ್ತದೆ. ಹಸಿವು, ಭಿಕ್ಷೆ, ಕೋಳಿಗಳ ಕಾಳಗ, ಯಕ್ಷಗಾನ ಮೊದಲಾದ ವಸ್ತುಗಳಿಂದ ಆರಂಭವಾದ ಈ ಚಿತ್ರಗಳಲ್ಲಿ ಕ್ರಮೇಣ ಮನುಷ್ಯಾಕೃತಿ ಕರಗುತ್ತ ಹೋಗಿ, ಕೊನೆಯ ದಶಕಗಳಲ್ಲಿ ಸೂರ್ಯ, ಚಂದ್ರ, ಸಮುದ್ರ, ಬೆಳಕು ಇವುಗಳ ಸೂಚನೆಯಷ್ಟೇ ಉಳಿಯಿತು. ಕೋಳಿ ಅಂಕದ ಚಿತ್ರದಲ್ಲಿ ಎರಡು ಹಕ್ಕಿಗಳ ಮೈಯಾಗಿದ್ದ ಸುಳಿ, ಮುಂದೆ ಹಕ್ಕಿಗಳಿಲ್ಲದೆಯೂ ಸುಳಿಯಾಗಿ ಉಳಿಯಿತು ಎಂದರೆ ಅವರ ಬೆಳವಣಿಗೆಯ ಕ್ರಮವನ್ನು ಸ್ಥೂಲವಾಗಿ ಹೇಳಿದಂತಾಗುತ್ತದೆ.

ಈ ಸಾಧನೆಗೆ ಮನ್ನಣೆ ಕಡಿಮೆಯಾಗಲಿಲ್ಲ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಕೇಂದ್ರ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರಾಗಿಯೂ ಅವರು ದುಡಿದರು. ಅವರು ಕೊಡುಗೆಯಾಗಿ ನೀಡಿದ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಸೇರಿವೆ. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಬೆಳೆದ ಕೆ. ವೆಂಕಟಪ್ಪನವರ (1886–1965) ಹೆಸರಿನ ಈ ಚಿತ್ರಶಾಲೆ ಆತಕೂರಿನ ಕಲ್ಲು ಸೇರಿರುವ ವಸ್ತುಸಂಗ್ರಹಾಲಯದ ಪಕ್ಕದಲ್ಲಿಯೇ ಇದೆ.

ಹೆಬ್ಬಾರರ ನಂತರ

ಮುಖ ಮತ್ತು ಅಮೂರ್ತಗಳ ನಡುವಿನ ಈ ಹಾದಿಯಲ್ಲಿ ನಡೆದವರು ಹೆಬ್ಬಾರರೊಬ್ಬರೇ ಅಲ್ಲ. ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದು, ಎಚ್‌ಎಎಲ್ ಕಾರ್ಖಾನೆಯಲ್ಲಿ ದುಡಿಯುತ್ತಲೇ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ಯೂಸುಫ್ ಅರಕ್ಕಲ್ (1945–2016) ನಗರದ ಒಂಟಿ ಮನುಷ್ಯನನ್ನು ತಮ್ಮ ವಸ್ತುವಾಗಿಸಿಕೊಂಡರು. ಅವರ ಚಿತ್ರಗಳಲ್ಲಿ ಕುಳಿತ ಆಕೃತಿಯ ಮುಖ ಹಲವು ಬಾರಿ ಮಸುಕಾಗಿ, ಹಿನ್ನೆಲೆಯ ಬೂದು ಹರವಿನೊಳಗೆ ಸೇರಿಹೋಗುತ್ತದೆ. ಆ ಮನುಷ್ಯ ಯಾರು ಎಂಬುದಕ್ಕಿಂತ ಅವನು ಯಾರ ಗಮನಕ್ಕೂ ಬಾರದವನು ಎಂಬುದನ್ನು ಆ ಮಸುಕು ಹೇಳುತ್ತದೆ. 2005ರ ಫ್ಲಾರೆನ್ಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಅವರಿಗೆ ಚಿನ್ನದ ಪದಕ ತಂದ ಚಿತ್ರ ಫ್ರಾನ್ಸಿಸ್ ಬೇಕನ್ ಎಂಬ ಚಿತ್ರಕಾರನನ್ನು ನೆನೆಯುವಂಥದು. ಆ ಬೇಕನ್ ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ಬರೆದ ಪೋಪ್ ಹತ್ತನೆಯ ಇನೊಸೆಂಟನ ಘನಗಂಭೀರ ಭಾವಚಿತ್ರವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡು, ಅದೇ ಪೀಠದ ಮೇಲೆ ಬಾಯ್ತೆರೆದು ಕಿರುಚುವ ಮನುಷ್ಯನನ್ನು ಬರೆದವನು. ಹೀಗೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಂದು ಶಾಸ್ತ್ರೀಯ ಭಾವಚಿತ್ರದ ಎಳೆ ಬೆಂಗಳೂರಿನ ಕಲಾವಿದರವರೆಗೂ ಬಂದು ಮುಟ್ಟಿದೆ.

ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದರ ಶಿಷ್ಯರಾಗಿದ್ದು, ಮುಂದೆ ಅದೇ ಶಾಲೆಯ ಪ್ರಾಂಶುಪಾಲರಾದ ಜೆ.ಎಂ.ಎಸ್. ಮಣಿ (1949–2021) ಬಾದಾಮಿಯ ಹಳ್ಳಿಗರನ್ನು ಕುರಿತು ಬರೆದ ಚಿತ್ರಮಾಲೆ ಇನ್ನೊಂದು ಉತ್ತರವನ್ನು ಕೊಡುತ್ತದೆ. ಕಡುಗಪ್ಪು ಮುಖದ, ದೊಡ್ಡ ಕಣ್ಣಿನ ಹೆಂಗಸರು ಅಲ್ಲಿ ನೇರವಾಗಿ ನೋಡುಗರತ್ತ ನೋಡುತ್ತಾರೆ. ಅವರ ಸೀರೆ, ರುಮಾಲು, ಬುಟ್ಟಿ, ಹಿನ್ನೆಲೆಗಳು ಮಾತ್ರ ಒಂದಕ್ಕೊಂದು ತಾಗಿ ನಿಂತ ಉಜ್ವಲ ಬಣ್ಣದ ತೇಪೆಗಳಾಗಿ ಮಾರ್ಪಡುತ್ತವೆ. ಮುಖವನ್ನು ಉಳಿಸಿಕೊಂಡು ಉಳಿದೆಲ್ಲವನ್ನೂ ಅಮೂರ್ತದ ಕಡೆಗೆ ಸರಿಸುವ ಈ ಕ್ರಮದಿಂದ ಹಳ್ಳಿಯ ಬಡ ಹೆಂಗಸಿಗೆ ಹಿಂದೆ ರಾಜರ ಭಾವಚಿತ್ರಗಳಿಗೆ ಮೀಸಲಾಗಿದ್ದ ಘನತೆ ದೊರೆಯುತ್ತದೆ. ಇನ್ನೊಂದೆಡೆ ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿರುವ ವಾಸುದೇವ ಕಾಮತರು ಶುದ್ಧ ಹೋಲಿಕೆಯ ಭಾವಚಿತ್ರದಲ್ಲಿಯೇ ನಿಂತು, ಪತ್ನಿಯ ಭಾವಚಿತ್ರಕ್ಕೆ 2006ರಲ್ಲಿ ಅಮೆರಿಕದ ಭಾವಚಿತ್ರ ಸಂಘದ ಅತ್ಯುನ್ನತ ಬಹುಮಾನವನ್ನು ಪಡೆದಿದ್ದಾರೆ. ಹಳೆಯ ಶಾಲೆ ಬತ್ತಿಹೋಗಿಲ್ಲವೆಂಬುದಕ್ಕೆ ಅದು ಪುರಾವೆ.

ನೋಡುವವರ ಪಾಲಿನ ಕೆಲಸ

ಇಂದಿನ ಹಳ್ಳಿಗಳಲ್ಲಿ ಭಾವಚಿತ್ರಕ್ಕೆ ಬರವಿಲ್ಲ. ತಿಥಿಯ ದಿನ ಹಿರಿಯರ ಫೋಟೊಕ್ಕೆ ಹಾರ ಹಾಕುವ ಮನೆಗಳಿಂದ ಹಿಡಿದು, ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿಗಳಿಗೆ ಸರ್ಕಲ್ಲುಗಳಲ್ಲಿ ಕಟ್ಟುವ ಫ್ಲೆಕ್ಸ್‌ಗಳವರೆಗೆ ಎಲ್ಲೆಲ್ಲೂ ಮುಖಗಳಿವೆ. ಹೋಲಿಕೆಯನ್ನು ಒದಗಿಸುವ ಕೆಲಸವನ್ನು ಕ್ಯಾಮೆರಾ ಮತ್ತು ಮೊಬೈಲು ಚಿತ್ರಕಾರನಿಂದ ಬಹುಮಟ್ಟಿಗೆ ತೆಗೆದುಕೊಂಡಿವೆ. ಇಂಥ ಕಾಲದಲ್ಲಿ ಚಿತ್ರಕಾರನು ಮುಖವನ್ನು ಬರೆಯುವುದಾದರೆ ಕ್ಯಾಮೆರಾ ಕಾಣಲಾರದುದನ್ನು ತೋರಿಸಬೇಕಾಗುತ್ತದೆ, ಮತ್ತು ಅಮೂರ್ತದ ಭಾಷೆ ಅವನಿಗೆ ಒದಗುವುದು ಅಲ್ಲಿಯೇ. ಅದೇ ರೀತಿ, ಮುಖವನ್ನು ಬರೆಯಲು ಎಂದೂ ಕಲಿಯದೆ ನೇರವಾಗಿ ಬಣ್ಣ ಚೆಲ್ಲಲು ಹೊರಡುವ ವಿದ್ಯಾರ್ಥಿಗೆ, ಏನನ್ನು ಬಿಡಬೇಕೆಂಬ ತಿಳಿವೇ ಇರುವುದಿಲ್ಲ; ಕಲಿತವನು ಬಿಡುವುದಕ್ಕೂ ಕಲಿಯದವನು ಬಿಡುವುದಕ್ಕೂ ಕ್ಯಾನ್ವಾಸಿನ ಮೇಲೆ ವ್ಯತ್ಯಾಸ ಕಂಡೇ ಕಾಣುತ್ತದೆ. ಶಾಲೆಗಳಲ್ಲಿ ಚಿತ್ರಕಲೆಯನ್ನು ಕಲಿಸುವವರು ಈ ಎರಡು ಅಭ್ಯಾಸಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಹಳಿಯುವ ರೂಢಿಯನ್ನು ಕೈಬಿಟ್ಟರೆ ಮಕ್ಕಳಿಗೆ ದೊಡ್ಡ ಉಪಕಾರವಾಗುತ್ತದೆ.

ನೋಡುವವರಿಗೂ ಒಂದು ಅಭ್ಯಾಸ ಬೇಕು. ಅಮೂರ್ತ ಚಿತ್ರದ ಮುಂದೆ ನಿಂತವರು ಇದು ಏನು, ಇದು ಯಾರ ಹಾಗಿದೆ ಎಂದು ಕೇಳುವ ಮೊದಲು ಕಣ್ಣು ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ, ಎಲ್ಲಿ ತಡೆಯುತ್ತಿದೆ, ಯಾವ ಬಣ್ಣ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ ಎಂಬುದನ್ನು ಗಮನಿಸಿದರೆ ಚಿತ್ರ ತಾನಾಗಿ ಮಾತನಾಡಲು ತೊಡಗುತ್ತದೆ. ಸೋಮನ ಮುಖವಾಡವನ್ನು ಕಂಡು ಕೈಮುಗಿಯುವವರಿಗೆ, ದರಿಯಾ ದೌಲತ್ತಿನ ಕುದುರೆಸಾಲನ್ನು ಕಂಡು ಬೆರಗಾಗುವವರಿಗೆ ಈ ನೋಟ ಹೊಸದಲ್ಲ. ಅದನ್ನು ಕ್ಯಾನ್ವಾಸಿನ ಮುಂದೆಯೂ ಬಳಸಬಹುದೆಂದು ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ. ಮಂಡ್ಯ ಜಿಲ್ಲೆಯ ಶಾಲೆಗಳು ಪ್ರವಾಸಕ್ಕೆ ಹೊರಡುವಾಗ ಶ್ರೀರಂಗಪಟ್ಟಣದಲ್ಲಿ ಸಮಾಧಿ ಮತ್ತು ಸಂಗಮಗಳನ್ನು ಮುಗಿಸಿ ಓಡದೆ ದರಿಯಾ ದೌಲತ್ತಿನ ಎರಡೂ ಗೋಡೆಗಳ ಮುಂದೆ ಮಕ್ಕಳನ್ನು ನಿಧಾನವಾಗಿ ನಿಲ್ಲಿಸಲಿ, ಮೈಸೂರಿನಲ್ಲಿ ಅರಮನೆ ಮತ್ತು ಮೃಗಾಲಯಗಳ ಜೊತೆಗೆ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನೂ ಸೇರಿಸಿಕೊಳ್ಳಲಿ, ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಎರಡು ಕಟ್ಟಡಗಳನ್ನು ಒಂದೇ ದಿನ ತೋರಿಸಲಿ. ತಮ್ಮದೇ ಜಿಲ್ಲೆಯ ಕಲ್ಲಿನಲ್ಲಿ ಸಾವಿರ ವರ್ಷದ ಹಿಂದಿನ ಶಿಲ್ಪಿ ಏನನ್ನು ಬಿಟ್ಟ, ಏನನ್ನು ಉಳಿಸಿಕೊಂಡ ಎಂಬುದನ್ನು ಕಂಡ ಮಗುವಿಗೆ ಹೆಬ್ಬಾರರ ಗೆರೆ ಕಷ್ಟವಾಗುವುದಿಲ್ಲ.